ಮನೆ ಸೌದೆಗೆ ಚೈನ್ ಸಾ: ಎಷ್ಟು ಸಿಸಿ, ಎಷ್ಟು ಇಂಚಿನ ಬಾರ್?

ಹೊಂಗೆನೆರಳು, ಮಳವಳ್ಳಿ:

ಎಲ್ರಿಗೂ ನಮಸ್ಕಾರ. ಎರಡೂವರೆ ಎಕರೆ ತೋಟ. ಬಚ್ಚಲ ಹಂಡೆಗೂ ಹಿತ್ತಲ ಒಲೆಗೂ ವರ್ಷಪೂರ್ತಿ ಸೌದೆ ಬೇಕು. ಇಲ್ಲೀವರೆಗೂ ಕೊಡಲಿ, ಕೈಗರಗಸದಲ್ಲೇ ನಡೀತಿತ್ತು. ಕೂಲಿಯವರು ಸಿಗೋದು ಕಷ್ಟ ಆಗಿರೋದ್ರಿಂದ ಒಂದು ಚೈನ್ ಸಾ ತಗೋಬೇಕು ಅಂತಿದೀನಿ.

ಕುಯ್ಯಬೇಕಾಗಿರೋದರಲ್ಲಿ ಹೆಚ್ಚಿನದು ಬದುವಿನ ಮೇಲಿನ ಹೊಂಗೆ, ಬೇವು, ಜಾಲಿ, ಗೊಬ್ಬರದ ಗಿಡದ ಕೊಂಬೆಗಳು. ದಪ್ಪ 3ರಿಂದ 8 ಇಂಚು. ಬಿದ್ದು ಒಣಗಿರೋ ನಾಲ್ಕೈದು ತೆಂಗಿನ ಮರ ಇವೆ, 10–12 ಇಂಚು. ಇವುಗಳ ಜೊತೆ ಗಾಳಿಗೆ ಉರುಳಿದ ಒಂದು ಹಳೇ ಹುಣಸೆ. ಅದರ ಬೊಡ್ಡೆ 22 ಇಂಚು ಬರುತ್ತೆ. ಒಲೆಗೆ ಒಂದೂವರೆ ಅಡಿ ಉದ್ದದ ತುಂಡು ಸಾಕು.

ಅಂಗಡಿಗಳಲ್ಲಿ ಮೂರು ಥರ ತೋರಿಸ್ತಿದಾರೆ (ಇಂಚು ಅಂದ್ರೆ ಬಾರ್, ಅಂದ್ರೆ ಚೈನ್ ಸುತ್ತ ಓಡೋ ಪಟ್ಟಿಯ ಉದ್ದ). "58 ಸಿಸಿ, 22 ಇಂಚು" ಅಂತ ಬರೆದಿರೋ ಕಡಿಮೆ ಬೆಲೆಯ ಚೀನಾ ಮಿಷನ್ ಒಂದು. ಸ್ಟಿಲ್, ಹಸ್ಕ್ವಾರ್ನಾ ಥರದ ಕಂಪನಿಯ 30–38 ಸಿಸಿ, 14 ಅಥವಾ 16 ಇಂಚಿನದು ಇನ್ನೊಂದು. ಮೂರನೇದು ಕರೆಂಟಿನ 2000 ವ್ಯಾಟ್, 16 ಇಂಚು. ಅರ್ಧ ಬೆಲೆಗೆ 22 ಇಂಚು ಸಿಗುವಾಗ 14 ಇಂಚು ಯಾಕೆ ತಗೋಬೇಕು ಅಂತ ಮನೇಲಿ ಕೇಳ್ತಿದಾರೆ. ಉತ್ತರ ಹೇಳೋಕೆ ನನಗೂ ಗೊತ್ತಾಗ್ತಿಲ್ಲ. ತಿಳಿದವರು ಬಾರ್ ಉದ್ದ, ಚೈನ್, ಆಯಿಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ.


ಬೆಂಚ್‌ವೈಸ್, ಮೈಸೂರು:

ನೀವು ಬರೆದಿರೋ ದಪ್ಪಗಳಲ್ಲೇ ಉತ್ತರ ಇದೆ. ಬಾರ್ ಉದ್ದವನ್ನ ತೋಟದಲ್ಲಿರೋ ಅತಿ ದಪ್ಪ ಮರ ನೋಡಿ ಆರಿಸಬಾರದು. ದಿನಾ ಕೈಗೆ ಬರೋ ಸೌದೆಯ ದಪ್ಪ ನೋಡಿ, ಅದಕ್ಕೆ 2 ಇಂಚು ಸೇರಿಸಿ. ನಿಮ್ಮದು ಹೆಚ್ಚೂಕಮ್ಮಿ ಎಲ್ಲಾ 12 ಇಂಚಿನ ಒಳಗಿದೆ. ಹಾಗಾಗಿ 14 ಇಂಚು. ಹುಣಸೆ ಒಂದೇ ಹೊರಗಿರೋದು. ಅದನ್ನ ಎರಡೂ ಬದಿಯಿಂದ ಕುಯ್ಯಬಹುದು, ಇಲ್ಲಾ ದೊಡ್ಡ ಮಿಷನ್ ಇರೋರನ್ನ ಒಂದು ದಿನಕ್ಕೆ ಕರೆಸಬಹುದು. ಒಂದು ಬೊಡ್ಡೆಗೋಸ್ಕರ ವರ್ಷಪೂರ್ತಿ ಉದ್ದದ ಬಾರ್ ಹೊರೋದು ಬೇಡ.

22 ಇಂಚು ಯಾಕೆ ಬೇಡ ಅನ್ನೋದನ್ನ ಮನೆಯವರಿಗೆ ಹೀಗೆ ಹೇಳಿ. ಚೈನ್ ಬಾರಿನ ಸುತ್ತ ಉಜ್ಜಿಕೊಂಡೇ ಓಡೋದು. ಬಾರ್ ಉದ್ದ ಆದಷ್ಟೂ ಆ ಉಜ್ಜಾಟಕ್ಕೆ ಇಂಜಿನ್ನಿನ ಶಕ್ತಿ ಜಾಸ್ತಿ ಹೋಗುತ್ತೆ, ಮರ ಕುಯ್ಯೋಕೆ ಉಳಿಯೋದು ಕಮ್ಮಿ. ಆಯಿಲ್ ಪಂಪು ಬಿಡೋ ಎಣ್ಣೆಗೂ ಒಂದು ಮಿತಿ ಇದೆ. ಅದೇ ಎಣ್ಣೆ ಉದ್ದದ ಬಾರಿನ ತುದಿವರೆಗೂ ಸಾಲದೆ ಮೂತಿ ಒಣಗುತ್ತೆ, ಬಿಸಿಯಾಗಿ ನೀಲಿ ತಿರುಗುತ್ತೆ, ಮೂತಿಯ ಸ್ಪ್ರಾಕೆಟ್ ಹಿಡಿದುಕೊಳ್ಳುತ್ತೆ. ಸಾಣೆ ಹಿಡಿಯೋ ಕೆಲಸವೂ ಲೆಕ್ಕಕ್ಕೆ ಬರುತ್ತೆ. ಆ 22 ಇಂಚಿನ ಚೈನ್ ಸಾಮಾನ್ಯವಾಗಿ 86 ಡ್ರೈವ್ ಲಿಂಕಿಂದು (ಬಾರಿನ ಸೀಳಲ್ಲಿ ಕೂರೋ ಕೊಂಡಿಗಳು). ಎರಡು ಲಿಂಕಿಗೆ ಒಂದು ಹಲ್ಲಿನಂತೆ 43 ಹಲ್ಲು. 14 ಇಂಚಿನ 50 ಲಿಂಕಿನ ಚೈನಲ್ಲಿ 25 ಹಲ್ಲು.

ಎಲ್ಲಕ್ಕಿಂತ ಮುಖ್ಯವಾದ್ದು ಮೂತಿ ಎಲ್ಲಿರುತ್ತೆ ಅನ್ನೋದು. 6 ಇಂಚಿನ ಕೊಂಬೆ ಕುಯ್ಯುವಾಗ 22 ಇಂಚಿನ ಬಾರಿನ 16 ಇಂಚು ಆಚೆ ಚಾಚಿರುತ್ತೆ. ಸೌದೆ ರಾಶಿಯಲ್ಲಿ ಆ ತುದಿ ಹಿಂದಿನ ದಿಮ್ಮಿಗೋ ನೆಲಕ್ಕೋ ತಾಗುತ್ತೆ. ಮೂತಿಯ ಮೇಲ್ಭಾಗದ ಕಾಲು ಭಾಗ ಏನಕ್ಕಾದರೂ ತಾಗಿದರೆ ಬಾರ್ ಕಣ್ಣು ಮಿಟುಕಿಸೋದ್ರೊಳಗೆ ಮುಖದ ಕಡೆ ಎಗರುತ್ತೆ. ಕಿಕ್‌ಬ್ಯಾಕ್ ಅಂದ್ರೆ ಇದೇ. ತುದಿ ಯಾವಾಗಲೂ ಕಣ್ಣಿಗೆ ಕಾಣೋ ಹಾಗಿರಬೇಕಾದರೆ ಸಣ್ಣ ಬಾರೇ ಸರಿ.

ಇಂಜಿನ್ನಿಗೂ ಬಾರಿಗೂ ಜೋಡಿ ಹೀಗೆ ಇಟ್ಟುಕೊಳ್ಳಿ: 30–35 ಸಿಸಿಗೆ 12ರಿಂದ 14 ಇಂಚು, 40–45 ಸಿಸಿಗೆ 16, 50–55 ಸಿಸಿಗೆ 18, 70 ಸಿಸಿ ಮೇಲ್ಪಟ್ಟರೆ 20ರಿಂದ 25. ಕಂಪನಿಯವರು ಇದಕ್ಕಿಂತ ಒಂದು ಅಳತೆ ಉದ್ದದ ಬಾರನ್ನೂ ಹಾಕಬಹುದು ಅಂತ ಬರೆದಿರ್ತಾರೆ. ಹಾಕಬಹುದು ನಿಜ. ಆದರೆ ಹುಣಸೆ, ಜಾಲಿಯಂಥ ಗಟ್ಟಿ ಮರಕ್ಕೆ ಸಣ್ಣ ಅಳತೆಯೇ ಚೆನ್ನಾಗಿ ಕೂರುತ್ತೆ.

"58 ಸಿಸಿ" ಅನ್ನೋ ಸ್ಟಿಕ್ಕರನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. ಬೋರ್ (ಸಿಲಿಂಡರಿನ ಅಗಲ) 45.2 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 34 ಮಿ.ಮೀ. ಅಂತ ಮ್ಯಾನುಯಲ್‌ನಲ್ಲಿದ್ರೆ ಅದು ಸುಮಾರು 54.6 ಸಿಸಿ. ಅಂಥ ಮಿಷನ್ ತಗೊಳ್ಳೋದೇ ಆದ್ರೆ 22 ಇಂಚಿನ ಬಾರ್ ತೆಗೆದು 18 ಇಂಚಿನದು ಕೇಳಿ. ಜೊತೆಗೆ 72 ಲಿಂಕಿನ ಚೈನ್. ಅದೇ ಮಿಷನ್ ಬೇರೆಯದೇ ಅನ್ನೋ ಹಾಗೆ ಕುಯ್ಯುತ್ತೆ.


ತೆಂಗಿನಸಾಲು, ಮದ್ದೂರು:

ಬೆಂಚ್‌ವೈಸ್ ಅಣ್ಣ ಹೇಳಿದ್ದು ಸರಿಯಾಗೈತೆ. ಕರೆಂಟ್ ಮಿಷನ್ ಬಗ್ಗೆ ಯಾರೂ ಹೇಳ್ಲಿಲ್ಲ, ಅದಕ್ಕೆ ಬರೀತಿದೀನಿ.

ಸೌದೆ ಎಲ್ಲಾ ಮನೆ ಹತ್ರಕ್ಕೇ ತಂದು ಹಾಕ್ಕೊಂಡು ಕುಯ್ಯೋರಿಗೆ ಕರೆಂಟಿನದು ಬಲು ಅನುಕೂಲ. ಪೆಟ್ರೋಲ್ ಬೆರೆಸೋ ಗೋಜಿಲ್ಲ, ಹಗ್ಗ ಎಳೆಯೋದಿಲ್ಲ, ಆರು ತಿಂಗಳು ಮೂಲೇಲಿಟ್ರೂ ಸ್ವಿಚ್ ಒತ್ತಿದ ತಕ್ಷಣ ಓಡ್ತದೆ. ಕೆಡೋದು ವೈರಿನಿಂದ. 2000 ವ್ಯಾಟ್ ಅಂದ್ರೆ ಸುಮಾರು 9 ಆಂಪಿಯರ್. 6 ಆಂಪಿಯರ್ ಪ್ಲಗ್ಗಿಗೆ ಹಾಕ್ಲೇಬಾರದು, ಗೀಜರಿಗಿರೋ 16 ಆಂಪಿಯರ್ ಪಾಯಿಂಟ್ ಬೇಕು. ಟೇಬಲ್ ಫ್ಯಾನಿಗೆ ಹಾಕೋ ತೆಳು ವೈರನ್ನ 50 ಮೀಟರ್ ಎಳೆದ್ರೆ ಆ ವೈರಲ್ಲೇ 20 ವೋಲ್ಟಿಗೂ ಮೇಲೆ ಬಿದ್ದೋಗ್ತದೆ. ನಮ್ಮ ಕಡೆ ಸಾಯಂಕಾಲ ವೋಲ್ಟೇಜ್ ಮೊದ್ಲೇ ಕಮ್ಮಿ. ಎರಡೂ ಸೇರಿ ಮೋಟರ್ ತಿಣುಕಿ ಸುಟ್ಟೋಗ್ತದೆ. 2.5 ಚದರ ಮಿ.ಮೀ. ತಾಮ್ರದ ಮೂರು ಕೋರಿನ ರಬ್ಬರ್ ಕೇಬಲ್ ತಕೊಳ್ಳಿ, 30 ಮೀಟರ್ ದಾಟಿಸ್ಬೇಡಿ. ಸುರುಳಿ ಸುತ್ತಿರೋ ಹಾಗೇ ಬಿಟ್ಟು ಓಡಿಸ್ಬೇಡಿ, ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ರೆ ಒಳಗೇ ಬಿಸಿಯಾಗ್ತದೆ. ಅರ್ಥಿಂಗೂ ಆರ್‌ಸಿಸಿಬಿನೂ (ಕರೆಂಟ್ ಸೋರಿದ್ರೆ ತಾನಾಗೇ ಕಟ್ ಮಾಡೋ ಸ್ವಿಚ್) ಇಲ್ದಿದ್ರೆ ಆ ಯೋಚನೆ ಬಿಡಿ. ಮಳೇಲಿ, ಹಸಿ ನೆಲದಲ್ಲಿ ಬೇಡ್ವೇ ಬೇಡ.

ಬದುವಿನ ಮೇಲೇ ನಿಂತು ಕುಯ್ಯೋದು ಜಾಸ್ತಿ ಇದ್ರೆ ಪೆಟ್ರೋಲಿಂದೇ ತಕೊಳ್ಳಿ. ಪಂಪ್‌ಸೆಟ್ ಲೈನಿಂದ ಎಳ್ಕೊಳ್ಳೋ ಸಾಹಸ ಬೇಡ.

ಇನ್ನು ತೆಂಗು. ಅದು ಬೇರೆ ಮರದ ಹಾಗಲ್ಲ. ಹೊರಗಡೆ ಎರಡು ಇಂಚು ಕಬ್ಬಿಣ, ಒಳಗೆ ಮೆತ್ತಗೆ ನಾರು. ಒಣಗಿದಷ್ಟೂ ಹೊರಭಾಗ ಚೈನಿನ ಹಲ್ಲು ತಿನ್ತದೆ. ಕುಯ್ಯೋದಾದ್ರೆ ಹಸಿ ಇದ್ದಾಗ್ಲೇ ಒಂದೂವರೆ ಅಡಿ ತುಂಡು ಮಾಡಿ, ಸೀಳಿ ಒಣಗಿಸಿ. ನಿಮ್ಮವು ಒಣಗೋಗಿರೋದ್ರಿಂದ ಎರಡು ಮೂರು ತುಂಡಿಗೊಂದ್ಸಲ ನಿಲ್ಸಿ ಹಲ್ಲು ನೋಡ್ಕೊಳ್ಳಿ. ನಾರು ಕ್ಲಚ್ ಕವರೊಳಗೆ ಗಿಡ್ಕೊಂಡು ಆಯಿಲ್ ಬರೋ ತೂತು ಮುಚ್ಚಿಬಿಡ್ತದೆ. ಕವರ್ ಬಿಚ್ಚಿ ಬ್ರಷ್ಷಲ್ಲಿ ಕೆರೀತಿರ್ಬೇಕು. ಬುಡದ ಒಂದು ಅಡಿ ಕುಯ್ಯೋಕೇ ಹೋಗ್ಬೇಡಿ, ಬೇರಿನ ಸಂದೀಲಿ ಮಣ್ಣು ಮರಳು ಇರ್ತದೆ.


ಹೊಂಗೆನೆರಳು, ಮಳವಳ್ಳಿ:

ಇಬ್ರಿಗೂ ಧನ್ಯವಾದ. ಅರ್ಧ ಕೆಲಸ ಬದುವಿನ ಮೇಲೇ ಇರೋದ್ರಿಂದ ಪೆಟ್ರೋಲಿಂದೇ ಅಂತ ತೀರ್ಮಾನ ಮಾಡಿದೆ. ಈಗ ಮೂರು ಅನುಮಾನ. 14 ಇಂಚಿನ ಬಾರಲ್ಲಿ 22 ಇಂಚಿನ ಹುಣಸೆ ಹೇಗೆ ಕುಯ್ಯೋದು? ಟ್ರ್ಯಾಕ್ಟರಿನ ಹಳೇ ಇಂಜಿನ್ ಆಯಿಲ್ ಚೈನಿಗೆ ಹಾಕಬಹುದಾ? ಪಂಪಲ್ಲಿ ಸಿಗೋ ಇ20 (20 ಶೇಕಡಾ ಎಥನಾಲ್ ಬೆರೆತ) ಪೆಟ್ರೋಲ್ ಈ ಸಣ್ಣ ಇಂಜಿನ್ನಿಗೆ ಆಗುತ್ತಾ?


ಸರ್ವೆತೋಪು, ಹುಣಸೂರು:

ಹುಣಸೆ ವಿಚಾರ ನಾನು ಹೇಳ್ತೀನಿ. ಮೊದಲು ಬೊಡ್ಡೆಯನ್ನ ಚೆನ್ನಾಗಿ ನೋಡಿ: ಬೇಲಿಯ ತಂತಿ, ಬೋರ್ಡ್ ಹೊಡೆದ ಮೊಳೆ, ಉಯ್ಯಾಲೆ ಕಟ್ಟಿದ ಕೊಕ್ಕೆ. ಹಳೇ ಮರ ಇವನ್ನೆಲ್ಲ ತೊಗಟೆಯೊಳಗೆ ನುಂಗಿಕೊಂಡಿರುತ್ತೆ. ಕುಯ್ದ ಜಾಗದಲ್ಲಿ ಮರದ ಬಣ್ಣ ಕಪ್ಪು ನೀಲಿಗೆ ತಿರುಗಿದ್ರೆ ಒಳಗೆ ಕಬ್ಬಿಣ ಇದೆ ಅಂತ ತಿಳೀರಿ, ಅಲ್ಲಿಂದ ಅರ್ಧ ಅಡಿ ಸರಿದು ಕುಯ್ಯಿರಿ. ಮಣ್ಣಲ್ಲಿ ಎಳೆದು ತಂದ ದಿಮ್ಮಿ ಆದ್ರೆ ಕುಯ್ಯೋ ಗೆರೆ ಉದ್ದಕ್ಕೂ ಕೊಡಲಿಯಲ್ಲಿ ತೊಗಟೆ ಕೆತ್ತಿ ತೆಗೀರಿ. ಚೈನ್ ಮೊಂಡಾಗೋದು ಮರಕ್ಕಿಂತ ಹೆಚ್ಚಾಗಿ ತೊಗಟೆಗೆ ಮೆತ್ತಿರೋ ಮಣ್ಣಿಂದ.

ಬೊಡ್ಡೆ ಸುತ್ತ ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಒಂದು ಬದಿಯಿಂದ ಬಾರ್ ಪೂರ್ತಿ ಇಳಿಸಿ ಕುಯ್ಯಿರಿ, ಆಮೇಲೆ ಎದುರು ಬದಿಗೆ ಹೋಗಿ ಅದೇ ಗೆರೆ ಮೇಲೆ. 14 ಎರಡು ಸಲ ಅಂದ್ರೆ 28, ನಿಮ್ಮ 22 ಇಂಚಿಗೆ ಸಾಕಾಗಿ ಮಿಗುತ್ತೆ. ಎರಡು ಕುಯ್ತ ಸ್ವಲ್ಪ ಹೆಚ್ಚುಕಮ್ಮಿ ಕೂಡಿದ್ರೂ ಒಲೆಗೆ ಹೋಗೋ ಸೌದೆಗೆ ತೊಂದರೆ ಏನಿಲ್ಲ. ಹುಣಸೆಯ ಚೇಗಿನಲ್ಲಿ 32 ಸಿಸಿ ಮಿಷನ್ ನಿಧಾನಕ್ಕೇ ಹೋಗೋದು. ಒತ್ತಬೇಡಿ. ಚೈನ್ ಹರಿತವಾಗಿದ್ರೆ ಮಿಷನ್ನಿನ ತೂಕವೇ ಸಾಕು. ಆಕ್ಸಿಲರೇಟರ್ ಪೂರ್ತಿ ಹಿಡೀರಿ. ಅರ್ಧ ಹಿಡಿದು ಕುಯ್ದರೆ ಕ್ಲಚ್ ಜಾರಿ ಸುಡುತ್ತೆ. ತುಂಡು ಮುಗಿದ ಮೇಲೆ ಅರ್ಧ ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ.

ಬಾರ್ ಸಿಕ್ಕಿಹಾಕಿಕೊಳ್ಳೋದು ಎಲ್ಲರಿಗೂ ಬರೋ ಕಷ್ಟ. ದಿಮ್ಮಿಯ ಎರಡೂ ತುದಿ ಆಸರೆ ಮೇಲಿದ್ದು ನಡುವೆ ಪೊಳ್ಳಿದ್ರೆ, ಕುಯ್ತಾ ಇದ್ದ ಹಾಗೆ ಮೇಲ್ಭಾಗ ಕೂಡಿಕೊಂಡು ಬಾರನ್ನ ಕಚ್ಚುತ್ತೆ. ಅಲ್ಲಿ ಮೇಲಿಂದ ಮೂರನೇ ಒಂದು ಭಾಗ ಕುಯ್ದು, ಉಳಿದದ್ದನ್ನ ಕೆಳಗಿಂದ ಮುಗಿಸಬೇಕು. ಒಂದು ತುದಿ ಗಾಳಿಯಲ್ಲಿ ತೂಗ್ತಿದ್ರೆ ತಿರುಗಾಮುರುಗಾ: ಮೊದಲು ಕೆಳಗಿಂದ ಮೂರನೇ ಒಂದು ಭಾಗ, ಆಮೇಲೆ ಮೇಲಿಂದ. ನೆಲದ ಮೇಲೇ ಮಲಗಿರೋ ದಿಮ್ಮಿಯನ್ನ ಮುಕ್ಕಾಲು ಆಳಕ್ಕೆ ಎಲ್ಲ ಕಡೆ ಕುಯ್ದಿಟ್ಟುಕೊಂಡು, ಉರುಳಿಸಿ ಹೊಟ್ಟೆ ಕಡೆಯಿಂದ ಮುಗಿಸಿ. ಚೈನ್ ನೆಲಕ್ಕೆ ಒಂದೇ ಒಂದು ಸೆಕೆಂಡ್ ತಾಗಿದ್ರೂ ಸಾಣೆ ಹಿಡಿದದ್ದು ವ್ಯರ್ಥ. ಕುಯ್ತದ ಬಾಯಿಗೆ ಮರದ ಬೆಣೆ ಹೊಡೀತಾ ಹೋಗಿ. ಕಬ್ಬಿಣದ ಬೆಣೆ ಬೇಡ, ಚೈನ್ ತಾಗಿದ್ರೆ ಹಲ್ಲು ಹಾರುತ್ತೆ.

ಸಣ್ಣ ಕೊಂಬೆಗಳಿಗೆ ಎಕ್ಸ್ ಆಕಾರದ ಎರಡು ಕಾಲು ಹೊಡೆದು ಸೊಂಟದೆತ್ತರದ ಸ್ಟ್ಯಾಂಡ್ ಮಾಡಿಕೊಳ್ಳಿ. ಎರಡು ಎಕ್ಸ್ ನಡುವೆ ಎರಡೂವರೆ ಅಡಿ ಅಂತರ ಬಿಟ್ಟು, ತುಂಡು ಹೊರಗೆ ಬೀಳೋ ಹಾಗೆ ತುದಿಯಿಂದ ಆಚೆ ಕುಯ್ಯಿರಿ. ಇನ್ನೊಬ್ಬರು ಕೊಂಬೆ ಹಿಡಿದುಕೊಂಡು ನಿಲ್ಲೋ ಅಭ್ಯಾಸ ನಮ್ಮ ಕಡೆ ಇದೆ. ಅದು ಬಹಳ ಅಪಾಯ, ದಯವಿಟ್ಟು ಬೇಡ.

22 ಇಂಚಿನ ತುಂಡು ಕೊಡಲಿಗೆ ಸೀಳದಿದ್ರೆ ಮಲಗಿಸಿ ನಾರಿನ ಉದ್ದಕ್ಕೆ ಕುಯ್ದು ಎರಡು ಹೋಳು ಮಾಡಬಹುದು. ಆಗ ಪುಡಿಯ ಬದಲು ಶ್ಯಾವಿಗೆಯಂಥ ಎಳೆ ಬಂದು ಕವರಿನ ಬಾಯಿ ಕಟ್ಟುತ್ತೆ. ಬಾರನ್ನ ಸ್ವಲ್ಪ ಓರೆ ಹಿಡಿದ್ರೆ ಎಳೆ ಗಿಡ್ಡವಾಗಿ ಸಲೀಸಾಗಿ ಬೀಳುತ್ತೆ.


ಬೆಂಚ್‌ವೈಸ್, ಮೈಸೂರು:

ಎಣ್ಣೆ, ಪೆಟ್ರೋಲ್ ವಿಚಾರ. ರಿಪೇರಿಗೆ ಬರೋ ಮಿಷನ್‌ಗಳು ಬಹುಪಾಲು ಇವೆರಡರಿಂದಲೇ ಕೆಟ್ಟಿರೋವು, ಆದ್ದರಿಂದ ಉದ್ದ ಆದ್ರೂ ಓದಿ.

ಟ್ರ್ಯಾಕ್ಟರಿನ ಹಳೇ ಆಯಿಲ್ ಬೇಡ. ಅದರಲ್ಲಿ ಸವೆದ ಲೋಹದ ಪುಡಿ, ಮಸಿ ಇರುತ್ತೆ. ಪಂಪಿನ ಸಣ್ಣ ಗೇರು, ಫಿಲ್ಟರು ಎರಡೂ ಹಾಳಾಗುತ್ತೆ. ಚೈನಿಂದ ಚಿಮ್ಮಿದ ಅದೇ ಎಣ್ಣೆ ನಿಮ್ಮ ಕೈಗೆ, ತೋಟದ ಮಣ್ಣಿಗೆ ಬೀಳುತ್ತೆ. ಚೈನ್ ಆಯಿಲ್ ಅಂತಲೇ ಸಿಗೋದು ಅಂಟುಅಂಟಾಗಿದ್ದು ಮೂತಿಯಲ್ಲಿ ತಿರುಗುವಾಗಲೂ ಚೈನಿಗೆ ಹಿಡಿದುಕೊಂಡಿರುತ್ತೆ. ಅದು ಸಿಗದಿದ್ರೆ ಹೊಸ ಎಸ್‌ಎಇ 30 ಅಥವಾ 40 ಇಂಜಿನ್ ಆಯಿಲ್ ನಡೆಯುತ್ತೆ. ಹೊಂಗೆ ಎಣ್ಣೆ ಹಾಕೋರೂ ಇದಾರೆ. ಕುಯ್ಯುವಾಗ ಅದೇನೋ ಚೆನ್ನಾಗೇ ಇರುತ್ತೆ, ಆದರೆ ತಿಂಗಳುಗಟ್ಟಲೆ ಮಿಷನ್ ನಿಂತ್ರೆ ಗೋಂದಿನ ಹಾಗೆ ಕಟ್ಟಿ ಪಂಪ್ ಹಿಡಿಯುತ್ತೆ. ದಿನಾ ಓಡಿಸೋರಿಗೆ ಸರಿ, ಮನೆ ಬಳಕೆಗೆ ಬೇಡ.

ಎಣ್ಣೆ ಬರ್ತಿದೆಯಾ ಅಂತ ನೋಡೋದು ಸುಲಭ. ಬಾರಿನ ಮೂತಿಯನ್ನ ಒಂದು ರಟ್ಟಿನ ಮೇಲೆ ಗೇಣುದ್ದ ಎತ್ತರದಲ್ಲಿ ಹಿಡಿದು ಹತ್ತು ಸೆಕೆಂಡ್ ರೇಸ್ ಮಾಡಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಪೆಟ್ರೋಲ್ ಟ್ಯಾಂಕು ಖಾಲಿಯಾಗೋ ಹೊತ್ತಿಗೆ ಎಣ್ಣೆ ಟ್ಯಾಂಕೂ ಹೆಚ್ಚೂಕಮ್ಮಿ ಖಾಲಿ ಆಗಬೇಕು. ಅರ್ಧಕ್ಕಿಂತ ಜಾಸ್ತಿ ಉಳಿದಿದ್ರೆ ಕವರ್ ಬಿಚ್ಚಿ ತೂತು ನೋಡಿ.

ಪೆಟ್ರೋಲಿಗೆ 2ಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಲೇಬೇಕು. ಮ್ಯಾನುಯಲ್‌ನಲ್ಲಿ 50:1 ಇದ್ರೆ ಲೀಟರಿಗೆ 20 ಮಿ.ಲೀ., 25:1 ಇದ್ರೆ 40 ಮಿ.ಲೀ. ಸ್ಟಿಲ್, ಹಸ್ಕ್ವಾರ್ನಾದಂಥವು ಒಳ್ಳೇ ಆಯಿಲ್ ಹಾಕಿದ್ರೆ 50:1ರಲ್ಲಿ ಓಡ್ತವೆ, ಚೀನಾದವಕ್ಕೆ ಬಹಳಷ್ಟು ಸಲ 25:1 ಅಂತ ಬರೆದಿರುತ್ತೆ. ಡಬ್ಬದ ಮೇಲೆ ಜಾಸೋ ಎಫ್‌ಡಿ ಅಂತ ಇರೋದನ್ನ ತಗೊಳ್ಳಿ. ಬೈಕಿನ 4ಟಿ ಆಯಿಲ್ ಬೇಡ. ಅಳತೆಗೆ ಮುಚ್ಚಳ ನಂಬಬೇಡಿ, ಮೆಡಿಕಲ್ ಶಾಪಲ್ಲಿ ಸಿಗೋ 20 ಮಿ.ಲೀ. ಸಿರಿಂಜ್ ಇಟ್ಟುಕೊಳ್ಳಿ. ಮೊದಲು ಅರ್ಧ ಪೆಟ್ರೋಲ್, ಆಮೇಲೆ ಆಯಿಲ್, ಅಲ್ಲಾಡಿಸಿ, ಉಳಿದ ಪೆಟ್ರೋಲ್. ಟ್ಯಾಂಕಿಗೆ ಹಾಕೋ ಮುಂಚೆ ಪ್ರತೀ ಸಲ ಮತ್ತೆ ಅಲ್ಲಾಡಿಸಿ.

ಇ20 ಹಾಕಬಾರದು ಅಂತ ಮ್ಯಾನುಯಲ್‌ನಲ್ಲಿ ಇದೆಯಾ ನೋಡಿ. ಎಷ್ಟೋ ಮಾದರಿಗಳಿಗೆ 10 ಶೇಕಡಾ ಎಥನಾಲ್‌ವರೆಗೆ ಮಾತ್ರ ಅನುಮತಿ ಇರುತ್ತೆ. ಎಥನಾಲ್ ಗಾಳಿಯ ನೀರನ್ನ ಎಳೆದುಕೊಳ್ಳುತ್ತೆ. ನೀರು ಜಾಸ್ತಿಯಾದಾಗ ಎಥನಾಲೂ ನೀರೂ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಪೆಟ್ರೋಲ್ ಹೀರೋ ಫಿಲ್ಟರ್ ಇರೋದೂ ತಳದಲ್ಲೇ. ತಳದ ಆ ಪದರದಲ್ಲಿ 2ಟಿ ಆಯಿಲ್ ಇರಲ್ಲ. ಅದನ್ನ ಕುಡಿದ ಇಂಜಿನ್ನಿನ ಪಿಸ್ಟನ್ ಗೀಚಿ ಜಾಮ್ ಆಗುತ್ತೆ. ಪೆಟ್ರೋಲ್ ಪೈಪು ಗಟ್ಟಿಯಾಗಿ ಬಿರಿಯೋದು, ಕಾರ್ಬೊರೇಟರಿನ ಡಯಾಫ್ರಾಮ್ ಸೆಟೆದುಕೊಳ್ಳೋದು ಕೂಡ ಇದರಿಂದಲೇ. ಅದಕ್ಕೇ ಎರಡು ವಾರಕ್ಕೆ ಆಗುವಷ್ಟು ಮಾತ್ರ ಬೆರೆಸಿ. ಮಿಷನ್ ಎತ್ತಿಡೋ ಮುಂಚೆ ಟ್ಯಾಂಕ್ ಬಗ್ಗಿಸಿ ಖಾಲಿ ಮಾಡಿ, ತಾನಾಗಿ ನಿಲ್ಲೋವರೆಗೂ ಓಡಿಸಿ.

ಸ್ಟಾರ್ಟ್ ಆಗಲ್ಲ ಅನ್ನೋ ದೂರಿನಲ್ಲಿ ಅರ್ಧ ಚೋಕ್ ತಪ್ಪಿನದು. ಮಿಷನ್ ನೆಲದ ಮೇಲಿಟ್ಟು, ಹಿಂದಿನ ಹಿಡಿಯಲ್ಲಿ ಬಲಗಾಲಿನ ಬೂಟು ತೂರಿಸಿ, ಚೈನ್ ಬ್ರೇಕ್ ಹಾಕಿ, ಚೋಕ್ ಎಳೆದು ಹಗ್ಗ ಎಳೆಯಿರಿ. ಒಮ್ಮೆ "ಪಟ್" ಅಂತ ಸದ್ದು ಬಂದು ನಿಲ್ಲುತ್ತೆ. ಆ ಸದ್ದು ಬಂದ ತಕ್ಷಣ ಚೋಕ್ ಅರ್ಧಕ್ಕೆ ತನ್ನಿ. ಅದನ್ನ ಗಮನಿಸದೆ ಎಳೀತಾನೇ ಇದ್ರೆ ಪ್ಲಗ್ ಪೆಟ್ರೋಲಲ್ಲಿ ಮುಳುಗುತ್ತೆ. ಆಗ ಪ್ಲಗ್ ಬಿಚ್ಚಿ ಒರೆಸಿ, ಚೋಕಿಲ್ಲದೆ ಐದಾರು ಸಲ ಎಳೆದು ಒಣಗಿಸಿ ಹಾಕಿ.


ಸರ್ವೆತೋಪು, ಹುಣಸೂರು:

ಸಾಣೆ ವಿಚಾರ ಬಾಕಿ ಇದೆ. ಮಿಷನ್ ಜೊತೆಗೇ ರೌಂಡ್ ಫೈಲ್, ಫೈಲ್ ಗೈಡ್, ಚಪ್ಪಟೆ ಫೈಲ್, ಡೆಪ್ತ್ ಗೇಜ್ (ಪ್ರತೀ ಹಲ್ಲಿನ ಮುಂದಿರೋ ಗುಬುಟು) ಅಳೆಯೋ ಪಟ್ಟಿ ತಗೊಳ್ಳಿ. 14 ಇಂಚಿನ ಸಣ್ಣ ಮಿಷನ್‌ಗೆ ಬರೋ 3/8 ಇಂಚು ಪಿಚ್ಚಿನ (ಪಿಚ್ ಅಂದ್ರೆ ಚೈನಿನ ಕೊಂಡಿಗಳ ಅಂತರ) ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ. ಫೈಲ್. 0.325 ಇಂಚು ಪಿಚ್ಚಿನದಕ್ಕೆ 4.8 ಮಿ.ಮೀ. ದಪ್ಪ ತಪ್ಪಿದ್ರೆ ಹಲ್ಲಿನ ಆಕಾರವೇ ಕೆಡುತ್ತೆ.

ಹಲ್ಲನ್ನ ಬಿಸಿಲಿಗೆ ಹಿಡಿದು ಹತ್ತಿರದಿಂದ ನೋಡಿ. ಮೇಲಿನ ತಟ್ಟೆಯೂ ಪಕ್ಕದ ತಟ್ಟೆಯೂ ಕೂಡೋ ಮೂಲೆಯಲ್ಲಿ ಬೆಳ್ಳಗೆ ಮಿಂಚೋ ಸಣ್ಣ ಗೆರೆ ಕಂಡ್ರೆ ಅದು ಮೊಂಡಾದ ಅಂಚು. ಹರಿತವಾದ ಅಂಚಿಗೆ ಬೆಳಕನ್ನ ಹಿಂದಕ್ಕೆ ಬಿಡೋ ಅಗಲವೇ ಇರಲ್ಲ, ಅದು ಮಿಂಚಲ್ಲ. ಆ ಗೆರೆ ಪೂರ್ತಿ ಹೋಗೋವರೆಗೂ ಉಜ್ಜಬೇಕು. ಗೈಡಿನ 30 ಡಿಗ್ರಿ ಗುರುತು ಬಾರಿಗೆ ಸಮಾನಾಂತರ ಇರಲಿ, ಒಳಗಿಂದ ಹೊರಕ್ಕೆ ಒಂದೇ ದಿಕ್ಕಿಗೆ ತಳ್ಳಿ, ವಾಪಸ್ ಎಳೆಯುವಾಗ ಎತ್ತಿ. ಮಾಮೂಲಿ ಸವೆತಕ್ಕೆ ಮೂರು ನಾಲ್ಕು ತಳ್ಳು ಸಾಕು. ಅತೀ ಸವೆದಿರೋ ಹಲ್ಲಿನಿಂದ ಶುರು ಮಾಡಿ, ಉಳಿದದ್ದನ್ನೆಲ್ಲ ಅದರ ಉದ್ದಕ್ಕೇ ತನ್ನಿ. ಬಲಸಾಲಿನ ಹಲ್ಲು ಉದ್ದ, ಎಡಸಾಲಿನದು ಗಿಡ್ಡ ಆದ್ರೆ ಮಿಷನ್ ಒಂದು ಕಡೆಗೆ ಎಳೀತಾ ಕುಯ್ತ ಬಾಗುತ್ತೆ.

ಪ್ರತೀ ಎರಡು ಟ್ಯಾಂಕ್ ಪೆಟ್ರೋಲಿಗೊಮ್ಮೆ ಸಾಣೆ ಹಿಡೀರಿ, ಜಾಲಿ, ಒಣ ತೆಂಗು ಆದ್ರೆ ಪ್ರತೀ ಟ್ಯಾಂಕಿಗೂ. ಚಕ್ಕೆ ಚಕ್ಕೆಯಾಗಿ ಬೀಳ್ತಿದ್ದದ್ದು ಹಿಟ್ಟಿನಂಥ ಪುಡಿ ಆಯ್ತು ಅಂದ್ರೆ ಅಲ್ಲಿಗೇ ನಿಲ್ಲಿಸಿ. ನಾಲ್ಕೈದು ಸಾಣೆಗೊಮ್ಮೆ ಡೆಪ್ತ್ ಗೇಜನ್ನ ಚಪ್ಪಟೆ ಫೈಲಲ್ಲಿ ಇಳಿಸಿ. ಹಲ್ಲಿನ ತುದಿಗಿಂತ 0.65 ಮಿ.ಮೀ. ಕೆಳಗಿರಬೇಕು. ಅದನ್ನ ಇಳಿಸದೇ ಇದ್ರೆ ಹಲ್ಲು ಹರಿತ ಇದ್ರೂ ಮರ ಹಿಡಿಯಲ್ಲ, ಜಾಸ್ತಿ ಇಳಿಸಿದ್ರೆ ಚೈನ್ ಕಚ್ಚಿ ಎಗರುತ್ತೆ. ಬೇಗ ಕುಯ್ಯಲಿ ಅಂತ ಜಾಸ್ತಿ ಇಳಿಸಿಕೊಡೋ ಮೆಕ್ಯಾನಿಕ್ಕುಗಳಿದಾರೆ, ಒಪ್ಪಬೇಡಿ.

ಚೈನ್ ಖರೀದಿಸುವಾಗ ಸೆಮಿ ಚಿಸೆಲ್ ಕೇಳಿ. ಅದರ ಮೂಲೆ ಸ್ವಲ್ಪ ದುಂಡಗಿರೋದ್ರಿಂದ ಮಣ್ಣು ಮೆತ್ತಿದ ಸೌದೆಯಲ್ಲಿ ಹೆಚ್ಚು ಹೊತ್ತು ಬಾಳುತ್ತೆ. ಫುಲ್ ಚಿಸೆಲ್ ಶುಭ್ರವಾದ ಹಸಿ ನೀಲಗಿರಿ, ಸರ್ವೆಗೆ ಚೆನ್ನ, ನಿಮ್ಮ ಕೆಲಸಕ್ಕಲ್ಲ. ಒಂದರ ಬದಲು ಎರಡು ಚೈನ್ ಇಟ್ಟುಕೊಳ್ಳಿ, ಬದಲಾಯಿಸಿ ಹಾಕಿ. ಪ್ರತೀ ಸಲ ಬಾರನ್ನೂ ಬುಡಮೇಲು ಮಾಡಿ ಹಾಕಿದ್ರೆ ಎರಡೂ ಅಂಚು ಸಮ ಸವೆಯುತ್ತೆ.

ಬಿಗಿ: ಮೂತಿ ಎತ್ತಿ ಹಿಡಿದು ಟೈಟ್ ಮಾಡಿ. ಚೈನ್ ಬಾರಿನ ಕೆಳ ಅಂಚಿಗೆ ಅಂಟಿರಬೇಕು, ಆದರೆ ಕೈಗವಸು ಹಾಕಿ ಎಳೆದ್ರೆ ಸಲೀಸಾಗಿ ಜಾರಬೇಕು. ಹೊಸ ಚೈನ್ ಮೊದಲ ಅರ್ಧ ಗಂಟೆಯಲ್ಲಿ ಎರಡು ಮೂರು ಸಲ ಸಡಿಲ ಆಗುತ್ತೆ. ಬಿಸಿ ಇದ್ದಾಗ ಬಿಗಿ ಮಾಡಿದ್ದನ್ನ ಕೆಲಸ ಮುಗಿದ ಮೇಲೆ ಸಡಿಲ ಮಾಡಿಡಿ. ಆರಿದಾಗ ಕುಗ್ಗಿ ಕ್ರ್ಯಾಂಕ್ ಬೇರಿಂಗನ್ನ ಎಳೆಯುತ್ತೆ.


ತೆಂಗಿನಸಾಲು, ಮದ್ದೂರು:

ಇನ್ನೆರಡು ಮಾತು. ಪಂಚೆ, ಲುಂಗಿ, ಹೆಗಲ ಮೇಲಿನ ಟವಲ್ಲು ಯಾವುದೂ ಬೇಡ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಗಟ್ಟಿ ಬೂಟು ಇರ್ಲೇಬೇಕು. ಕಾಲಿಗೆ ಕಟ್ಟೋ ಚೈನ್ ಸಾ ಚಾಪ್ಸ್ ಸಿಗ್ತದೆ. ಎಡತೊಡೆಗೇ ಪೆಟ್ಟು ಬೀಳೋದು ಜಾಸ್ತಿ, ದುಡ್ಡು ನೋಡದೆ ತಕೊಳ್ಳಿ. ಭುಜಕ್ಕಿಂತ ಮೇಲೆ ಎತ್ತಿ ಕುಯ್ಯೋದು, ಏಣಿ ಮೇಲೆ ನಿಂತು ಕುಯ್ಯೋದು ಎರಡೂ ಬೇಡ. ವಿದ್ಯುತ್ ತಂತಿ ಹತ್ರದ ಕೊಂಬೆ ಆದ್ರೆ ಚೆಸ್ಕಾಂ ಲೈನ್‌ಮನ್ನಿಗೆ ಹೇಳಿ ಲೈನ್ ತೆಗೆಸಿ.

ಮರದ ಕಾನೂನೂ ನೋಡ್ಕೊಳ್ಳಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿ ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಗ್ಲಿರಿಸಿಡಿಯಾ, ಸುಬಾಬುಲ್ ಅಂಥವಕ್ಕೆ ವಿನಾಯಿತಿ ಐತೆ. ನಿಂತಿರೋ ಹುಣಸೆ, ಬೇವು, ಹೊಂಗೆ ಉರುಳಿಸೋ ಮುಂಚೆ ಅನುಮತಿ ಬೇಕಾ ಅಂತ ಅರಣ್ಯ ಕಚೇರೀಲಿ ಕೇಳ್ಕೊಳ್ಳಿ, ಸ್ವಂತ ಜಮೀನಾದ್ರೂ ಅಷ್ಟೇ. ನಿಮ್ಮ ಹುಣಸೆ ಗಾಳಿಗೆ ಬಿದ್ದಿರೋದು. ಬೇರು ಕಾಣೋ ಹಾಗೆ ಫೋಟೊ ತೆಗೆದಿಟ್ಕೊಂಡು, ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಅರ್ಜಿ ಕೊಟ್ಟು ಆಮೇಲೆ ಕುಯ್ಯಿರಿ.


ಹೊಂಗೆನೆರಳು, ಮಳವಳ್ಳಿ:

ಎಲ್ರೂ ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರ ಆಯ್ತು. ಸ್ಟಿಲ್ ಎಂಎಸ್ 180, 14 ಇಂಚು ನೋಡ್ತಿದೀನಿ. ಕೊನೇದೊಂದು: ಎರಡನೇ ಚೈನ್ ತಗೊಳ್ಳುವಾಗ "14 ಇಂಚಿನದು ಕೊಡಿ" ಅಂದ್ರೆ ಸಾಕಾ?


ಬೆಂಚ್‌ವೈಸ್, ಮೈಸೂರು:

ಸಾಲದು. ಮೂರು ಸಂಖ್ಯೆ ಹೇಳಬೇಕು: ಪಿಚ್, ಗೇಜ್ (ಬಾರಿನ ಸೀಳಿನ ಅಗಲ), ಡ್ರೈವ್ ಲಿಂಕ್ ಎಣಿಕೆ. ಬಾರಿನ ಬುಡದಲ್ಲಿ, ನಟ್ ಕೂರೋ ಜಾಗದ ಹತ್ತಿರ, ಮೂರೂ ಕೆತ್ತಿರುತ್ತೆ. ಮಿಷನ್ ಕೊಂಡ ದಿನವೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ. 14 ಇಂಚಿನಲ್ಲೇ ಸ್ಟಿಲ್ ಬಾರಿಗೆ 50 ಲಿಂಕ್, ಬೇರೆ ಕಂಪನಿಯ ಎಷ್ಟೋ ಬಾರ್‌ಗಳಿಗೆ 52 ಬರುತ್ತೆ. ಎರಡು ಲಿಂಕ್ ಹೆಚ್ಚಾದ್ರೆ ಟೆನ್ಷನರ್ ಕೊನೇವರೆಗೂ ತಿರುಗಿಸಿದ್ರೂ ಜೋತುಬೀಳುತ್ತೆ. ಗೇಜ್ ಕೂಡ ಹಾಗೇ. ಸಣ್ಣ ಮಿಷನ್‌ಗಳಲ್ಲಿ 1.1 ಮಿ.ಮೀ. ಮತ್ತು 1.3 ಮಿ.ಮೀ. ಎರಡೂ ಇವೆ. 1.3ರ ಚೈನ್ 1.1ರ ಸೀಳಿಗೆ ಇಳಿಯೋದೇ ಇಲ್ಲ. 1.1ರದ್ದು 1.3ರ ಸೀಳಲ್ಲಿ ಇಳಿಯುತ್ತೆ, ಆದರೆ ಓಲಾಡುತ್ತೆ, ಕುಯ್ತ ಸೊಟ್ಟಗಾಗುತ್ತೆ. ಅಂಗಡಿಯವರು ನಡೆಯುತ್ತೆ ಅಂದ್ರೂ ತಗೋಬೇಡಿ.

ಮಿಷನ್ ಡೆಲಿವರಿ ತಗೊಳ್ಳುವಾಗ ಅಂಗಡಿ ಮುಂದೆಯೇ ಸ್ಟಾರ್ಟ್ ಮಾಡಿಸಿ. ಆಕ್ಸಿಲರೇಟರ್ ಬಿಟ್ಟಾಗ ಚೈನ್ ಪೂರ್ತಿ ನಿಲ್ಲಬೇಕು. ತೆವಳ್ತಿದ್ರೆ ಐಡಲ್ ಸ್ಕ್ರೂ ಇಳಿಸಿಕೊಡಲು ಹೇಳಿ. ಚೈನ್ ಓಡ್ತಿರುವಾಗ ಬ್ರೇಕ್ ಹಿಡಿಯನ್ನ ಮುಂದಕ್ಕೆ ತಳ್ಳಿಸಿ, ತಟ್ಟನೆ ನಿಲ್ಲಬೇಕು. ಆಮೇಲೆ ಆ ರಟ್ಟಿನ ಪರೀಕ್ಷೆ. ಇವು ಮೂರೂ ಸರಿ ಇದ್ರೆ ಬಿಲ್ ಹಾಕಿಸಿ, ವಾರಂಟಿ ಕಾರ್ಡಿಗೆ ಸೀಲ್ ಹೊಡೆಸಿಕೊಳ್ಳಿ.